ಕಾಲಿಗೆ ಬಂದ ಪೋಲಿಯೊ, ಮನಸ್ಸಿನಲ್ಲಿ ಕೂತದ್ದು

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದವು. ಬರೆದವರೆಲ್ಲ ಚಿಕ್ಕಂದಿನಲ್ಲಿ ಪೋಲಿಯೊ ಆದವರು, ಇಲ್ಲವೇ ಅವರ ಮನೆಯವರು. ಸಹಜ ಪೋಲಿಯೊ ವೈರಸ್ ತಗುಲಿದ ದೇಶದ ಕೊನೆಯ ಮಗು ಪತ್ತೆಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಆದರೆ ಅದಕ್ಕೆ ಮುಂಚೆ ಪೋಲಿಯೊ ಆದ ಮಕ್ಕಳಲ್ಲಿ ಎಷ್ಟೋ ಜನ ಈಗ ನಲವತ್ತು, ಐವತ್ತು, ಅರವತ್ತರ ವಯಸ್ಸಿನವರಾಗಿ ನಮ್ಮ ನಡುವೆಯೇ ಇದ್ದಾರೆ. ರೋಗವೇ ಹೋಯಿತಲ್ಲ ಎಂದು ಅವರನ್ನು ವಿಚಾರಿಸುವವರು ಕಡಿಮೆಯಾಗಿದ್ದಾರೆ. ಹಾಗಾಗಿ ಈ ಪುಟಗಳನ್ನು ಪೂರ್ತಿ ಅವರಿಗೇ ಮೀಸಲಿಟ್ಟಿದ್ದೇವೆ. ಮನಶ್ಶಾಸ್ತ್ರದವರು, ಪುನರ್ವಸತಿ ಚಿಕಿತ್ಸೆಯವರು ಸೇರಿ ಉತ್ತರ ಬರೆದಿದ್ದೇವೆ. ಈ ವಿಷಯದಲ್ಲಿ ಕಾಲಿನ ಮಾತು, ಮನಸ್ಸಿನ ಮಾತು ಎಂದು ಎರಡು ಪಾಲು ಮಾಡಲು ಬರುವುದಿಲ್ಲ.

ಪ್ರಶ್ನೆ: ನನಗೆ 54 ವರ್ಷ. ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ ಕೆಲಸ. ಎರಡು ವರ್ಷದ ಮಗುವಾಗಿದ್ದಾಗ ಬಲಗಾಲಿಗೆ ಪೋಲಿಯೊ ಆಯಿತು. ತೊಡೆಯ ಮೇಲೆ ಕೈ ಒತ್ತಿಕೊಂಡು ನಡೆಯುತ್ತೇನೆ. ಕೋಲು ಹಿಡಿದವನಲ್ಲ, ಯಾರ ನೆರವಿಗೂ ಕಾದವನಲ್ಲ. ಎರಡು ವರ್ಷದಿಂದ ಆ ಕಾಲು ಇನ್ನಷ್ಟು ಸೋಲುತ್ತಿದೆ, ಚೆನ್ನಾಗಿದ್ದ ಎಡಗಾಲೂ ನಡುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೂತಲ್ಲಿಂದ ಏಳಲಾಗದಷ್ಟು ಸುಸ್ತು. ಮೂರು ಸಲ ಬಿದ್ದಿದ್ದೇನೆ, ಎರಡು ಸಲದ್ದನ್ನು ಮನೆಯಲ್ಲಿ ಹೇಳಿಲ್ಲ. ಹೆಂಡತಿ ಒಂದು ಕೋಲು ತಂದಿಟ್ಟಿದ್ದಾಳೆ, ಅದನ್ನು ನೋಡಿದರೇ ಸಿಟ್ಟು ಬರುತ್ತದೆ. ಪೋಲಿಯೊ ಮತ್ತೆ ಬಂತೇ? ಅಥವಾ ನನಗೇ ಧೈರ್ಯ ಹೋಯಿತೇ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ವೈರಸ್ ಮತ್ತೆ ಬಂದಿಲ್ಲ. ನಿಮ್ಮ ಧೈರ್ಯವೂ ಹೋಗಿಲ್ಲ. ನೀವು ಬರೆದ ಲಕ್ಷಣಗಳು ‘ಪೋಸ್ಟ್ ಪೋಲಿಯೊ ಸಿಂಡ್ರೋಮ್’ ಎಂಬ ಸ್ಥಿತಿಗೆ ಹೊಂದುತ್ತವೆ. ಪೋಲಿಯೊ ಆಗಿ ಕನಿಷ್ಠ ಹದಿನೈದು ವರ್ಷ, ಹೆಚ್ಚಾಗಿ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಬಲ ಕುಂದುವುದು, ಸುಸ್ತು, ಸ್ನಾಯು ಮತ್ತು ಕೀಲುಗಳ ನೋವು, ಚಳಿ ತಡೆಯಲಾಗದಿರುವುದು ಇದರ ಮುಖ್ಯ ಗುರುತುಗಳು.

ಕಾರಣವನ್ನು ನಿಮ್ಮ ತೋಟದ ಲೆಕ್ಕದಲ್ಲೇ ಹೇಳಬಹುದು. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಹತ್ತು ಆಳಿನಲ್ಲಿ ಆರು ಆಳು ಹೋದರು ಎಂದುಕೊಳ್ಳಿ. ಉಳಿದ ನಾಲ್ವರು ಹೋದವರ ಸಾಲನ್ನೂ ತಾವೇ ವಹಿಸಿಕೊಂಡರು. ಅಂದರೆ ಬದುಕಿ ಉಳಿದ ನರಕೋಶಗಳು ಹೊಸ ಕವಲು ಬಿಟ್ಟು, ದಿಕ್ಕಿಲ್ಲದ ಸ್ನಾಯುತಂತುಗಳನ್ನೂ ತಮ್ಮ ಕೈಕೆಳಗೆ ತೆಗೆದುಕೊಂಡವು. ನೀವು ನಡೆಯಲು ಕಲಿತದ್ದು ಆ ಬಲದಿಂದ. ಐವತ್ತು ವರ್ಷ ಎರಡಾಳಿನ ಕೆಲಸ ಮಾಡಿದ ಆ ಕೋಶಗಳು ಈಗ ಹೊಸ ಕವಲುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಿವೆ. ‘ಚೆನ್ನಾಗಿದ್ದ’ ಎಡಗಾಲಿಗೂ ಅಂದು ಸ್ವಲ್ಪ ಏಟು ಬಿದ್ದಿರುವುದು ಸಾಮಾನ್ಯ, ಹೊರಗೆ ಕಾಣುವಷ್ಟು ಆಗಿರಲಿಲ್ಲ ಅಷ್ಟೆ. ಮೇಲಾಗಿ ಇಷ್ಟು ವರ್ಷ ಇಡೀ ಮೈಭಾರ ಹೊತ್ತದ್ದು ಅದೇ.

ಇನ್ನು ಸಿಟ್ಟಿನ ಮಾತು. ಪೋಲಿಯೊ ಆದ ಮಗುವಿಗೆ ನಮ್ಮ ಮನೆಗಳಲ್ಲಿ ಸಿಕ್ಕ ಪಾಠ ಹೆಚ್ಚುಕಡಿಮೆ ಒಂದೇ: ಅಳಬೇಡ, ನಡಿ, ಇನ್ನೊಂದು ಸಲ ನಡಿ. ಅಳದೆ ನಡೆದರೆ ‘ಛಲಗಾರ’ ಎಂಬ ಹೊಗಳಿಕೆ. ಬಿದ್ದು ಅತ್ತರೆ ಮನೆಯವರ ಮುಖದಲ್ಲಿ ದುಃಖ. ಎರಡು ಮೂರು ವರ್ಷದ ಮಗು ಇದರಿಂದ ಕಲಿಯುವುದೇನು? ನನ್ನ ನೋವು ಹೊರಗೆ ಕಂಡರೆ ಪ್ರೀತಿಯ ಜನಕ್ಕೆ ಕಷ್ಟವಾಗುತ್ತದೆ, ಮುಚ್ಚಿಟ್ಟರೆ ಎಲ್ಲರೂ ಚೆನ್ನಾಗಿರುತ್ತಾರೆ. ಈ ಪಾಠದಿಂದ ಒಳ್ಳೆಯದೂ ಆಯಿತು. ಪೋಲಿಯೊ ಆದ ಎಷ್ಟೋ ಜನ ಓದಿನಲ್ಲಿ, ಕೆಲಸದಲ್ಲಿ ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಅದರಿಂದಲೇ. ಆದರೆ ಐವತ್ತು ದಾಟಿದ ಮೇಲೆ ಅದೇ ಛಲ ಎದುರಾಗಿ ನಿಲ್ಲುತ್ತದೆ. ಬಿದ್ದದ್ದನ್ನು ಮನೆಯಲ್ಲಿ ಹೇಳದಂತೆ ನಿಮ್ಮನ್ನು ತಡೆದದ್ದು ಅದು. ಕೋಲು ಕಂಡಾಗ ‘ಇಷ್ಟು ವರ್ಷ ಗೆದ್ದದ್ದು ಸುಳ್ಳಾಯಿತು’ ಎಂದು ಒಳಗೆ ಕೂಗುವುದೂ ಅದೇ. ಮೊದಲ ಸಲ ಕಾಲು ಹೋದಾಗ ದುಃಖಪಡಲು ನಿಮಗೆ ವಯಸ್ಸಿರಲಿಲ್ಲ. ಈಗ ಎರಡನೆಯ ಸಲ ಬಲ ಹೋಗುತ್ತಿರುವಾಗ ಎರಡರ ದುಃಖವೂ ಒಟ್ಟಿಗೆ ಬರುತ್ತದೆ, ಗಂಡಸರಲ್ಲಿ ಅದು ಹೆಚ್ಚಾಗಿ ಸಿಟ್ಟಾಗಿ ಹೊರಬೀಳುತ್ತದೆ. ಇದು ನಿಮ್ಮ ಹೆಂಡತಿಯ ಮೇಲಿನ ಸಿಟ್ಟಲ್ಲ. ಇದನ್ನು ಅವರಿಗೆ ಒಂದು ಸಲ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟ ಎರಡು ಬೀಳುಗಳನ್ನೂ ಹೇಳಿ.

ಮಾಡಬೇಕಾದ ಕೆಲಸ ಹೀಗಿದೆ. ಒಂದು ವಾರ ಪುಸ್ತಕದಲ್ಲಿ ಲೆಕ್ಕ ಬರೆಯಿರಿ, ನೀವು ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವ ಹಾಗೆಯೇ. ಎಷ್ಟು ಗಂಟೆಗೆ ಏನು ಮಾಡಿದಿರಿ, ಸುಸ್ತು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಷ್ಟು ಹೊತ್ತು ಕೂತ ಮೇಲೆ ಇಳಿಯಿತು. ವಾರದ ಕೊನೆಗೆ ಯಾವ ಕೆಲಸ ನಿಮ್ಮನ್ನು ಮಲಗಿಸುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಆಮೇಲೆ ಸುಸ್ತು ಏಳೆಂಟಕ್ಕೆ ಏರುವ ತನಕ ಕಾಯದೆ ನಾಲ್ಕಕ್ಕೆ ಬಂದಾಗಲೇ ಹತ್ತು ಹದಿನೈದು ನಿಮಿಷ ಕೂರಿ, ಸಾಧ್ಯವಾದರೆ ಕಾಲು ಚಾಚಿ. ಛಲದವರಿಗೆ ಇದು ಬಹಳ ಕಷ್ಟ, ಸುಸ್ತಾಗುವ ಮುಂಚೆ ಕೂರುವುದು ಸೋಮಾರಿತನ ಎನಿಸುತ್ತದೆ. ಹಾಗೆ ಕೂರುವುದೇ ಇಲ್ಲಿ ಚಿಕಿತ್ಸೆ. ಯಾರಾದರೂ ‘ಜಾಸ್ತಿ ವ್ಯಾಯಾಮ ಮಾಡಿ, ಕಾಲು ಗಟ್ಟಿಯಾಗುತ್ತದೆ’ ಎಂದರೆ ಕೇಳಬೇಡಿ. ಸೋತ ಸ್ನಾಯುವನ್ನು ದಣಿಯುವ ತನಕ ದುಡಿಸಿದರೆ ಇನ್ನಷ್ಟು ಕೆಡುತ್ತದೆ. ವ್ಯಾಯಾಮದ ಮಾರನೆಯ ದಿನವೂ ನೋವು, ಸುಸ್ತು ಉಳಿದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಹಾಗೆಂದು ಹಾಸಿಗೆ ಹಿಡಿಯುವುದೂ ಬೇಡ.

ಕೋಲು ಹಿಡಿಯುವುದಾದರೆ ಎಡಗೈಯಲ್ಲಿ, ಅಂದರೆ ಸೋತ ಕಾಲಿನ ಎದುರು ಬದಿಯಲ್ಲಿ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು. ಎತ್ತರ ಹೆಚ್ಚಾದರೆ ಭುಜ ನೋಯುತ್ತದೆ, ಕಡಿಮೆಯಾದರೆ ಬೆನ್ನು ಬಾಗುತ್ತದೆ. ತುದಿಯ ರಬ್ಬರ್ ಬುಷ್ ಸವೆದು ನುಣುಪಾದ ದಿನವೇ ಬದಲಿಸಿ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಣದ ಮೇಲೆ ಸವೆದ ಬುಷ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಮೆಟ್ಟಿಲು ಹತ್ತುವಾಗ ಬಲವಿರುವ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ಸೋತ ಕಾಲು ಮೊದಲು. ಆದರೆ ತೊಡೆ ಒತ್ತಿ ನಡೆಯುವವರಿಗೆ ಕೋಲು ಮಾತ್ರ ಸಾಲದು. ತೊಡೆಯ ಮುಂಭಾಗದ ಸ್ನಾಯು ಮಂಡಿಯನ್ನು ಹಿಡಿದು ನಿಲ್ಲಿಸದ ಕಾರಣ ಆ ಕೆಲಸವನ್ನು ನಿಮ್ಮ ಅಂಗೈ ಮಾಡುತ್ತಿದೆ. ಮಂಡಿಯನ್ನು ಹಿಡಿಯುವ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಆಧಾರ, ಬೇಕಾಗಬಹುದು. ಬಾಲ್ಯದ ಕಬ್ಬಿಣ, ಚರ್ಮದ ಪಟ್ಟಿ, ಬೂಟಿನ ಭಾರ ನೆನೆದು ‘ಅದು ಮಾತ್ರ ಬೇಡ’ ಎನ್ನುವವರು ಬಹಳ. ಈಗ ಕಾಲಿನ ಅಳತೆಗೆ ಹಗುರ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ, ಪ್ಯಾಂಟಿನ ಒಳಗೆ ಹೋಗುತ್ತದೆ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಅಲ್ಲಿಂದ ಚೀಟಿ ಪಡೆದು ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ಪುನರ್ವಸತಿ ವಿಭಾಗಕ್ಕೂ ಹೋಗಬಹುದು. ವೈದ್ಯರು ‘ಹೇಗಿದ್ದೀರಿ’ ಎಂದರೆ ಪೋಲಿಯೊ ಆದವರ ಬಾಯಲ್ಲಿ ಬರುವ ಉತ್ತರ ಗೊತ್ತೇ ಇದೆ: ‘ಪರವಾಗಿಲ್ಲ ಸಾರ್.’ ಆ ಒಂದು ಮಾತಿನಿಂದ ಎಷ್ಟೋ ಜನರ ತಪಾಸಣೆ ಅಲ್ಲಿಗೇ ಮುಗಿದಿದೆ. ಆದ್ದರಿಂದ ಮನೆಯಲ್ಲೇ ಮೂರು ಸಾಲು ಬರೆದುಕೊಂಡು ಹೋಗಿ: ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದೆ, ಎರಡು ವರ್ಷದ ಹಿಂದೆ ಎಷ್ಟು ದೂರ ನಡೆಯುತ್ತಿದ್ದೆ, ಈಗ ಎಷ್ಟು, ಯಾವ ಕೆಲಸ ಬಿಟ್ಟುಬಿಟ್ಟೆ. ಆ ಚೀಟಿಯನ್ನು ವೈದ್ಯರ ಕೈಗೇ ಕೊಡಿ.

ಪ್ರಶ್ನೆ: ನನಗೀಗ 73. ನನ್ನ ಮಗಳಿಗೆ 1977ರಲ್ಲಿ, ಎರಡು ವರ್ಷದವಳಿದ್ದಾಗ, ಜ್ವರ ಬಂತು. ಊರಿನ ಡಾಕ್ಟರ ಹತ್ತಿರ ಕರಕೊಂಡು ಹೋಗಿ ಸೂಜಿ ಹಾಕಿಸಿದೆ. ಎರಡು ದಿನಕ್ಕೆ ಅದೇ ಕಾಲು ಬಿತ್ತು. ಸೂಜಿಯಿಂದ ಹಾಗಾಯಿತು ಎಂದು ಎಲ್ಲರೂ ಅಂದರು. ಬೇಡ ಅಂದಿದ್ದರು ಅತ್ತೆ, ನಾನೇ ಹಟ ಮಾಡಿ ಹೋದದ್ದು. ಮಗಳು ಇದುವರೆಗೆ ಒಂದು ಮಾತೂ ಕೇಳಿಲ್ಲ. ನನಗೆ ರಾತ್ರಿ ನಿದ್ದೆ ಇಲ್ಲ.
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ಅಮ್ಮಾ, ಮೊದಲು ಖಚಿತವಾಗಿ ಗೊತ್ತಿರುವುದನ್ನು ಹೇಳುತ್ತೇವೆ. ಪೋಲಿಯೊ ವೈರಸ್ ಬಾಯಿಯ ಮೂಲಕ, ಮಲದಿಂದ ಕೆಟ್ಟ ನೀರು, ಕೈ, ಆಹಾರದಿಂದ ಒಳಗೆ ಹೋಗುತ್ತದೆ. ಆ ಕಾಲದಲ್ಲಿ ಅದು ತಗುಲಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುತ್ತಿರಲಿಲ್ಲ, ಸುಮಾರು ಇನ್ನೂರರಲ್ಲಿ ಒಂದು ಮಗುವಿಗೆ ಮಾತ್ರ ಕೈಕಾಲು ಬೀಳುತ್ತಿತ್ತು. ನಿಮ್ಮ ಮಗಳಿಗೆ ಬಂದ ಆ ಜ್ವರ ಬಹುಮಟ್ಟಿಗೆ ಪೋಲಿಯೊದ ಜ್ವರವೇ. ನೀವು ಮನೆಯಿಂದ ಹೊರಡುವ ಮುಂಚೆಯೇ ವೈರಸ್ ಒಳಗಿತ್ತು.

ಸೂಜಿಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಪೋಲಿಯೊ ವೈರಸ್ ಮೈಯಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಅದೇ ಕಾಲಿಗೆ ಲಕ್ವ ಹೊಡೆಯುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಆದರೆ ವೈರಸ್ ಇಲ್ಲದೆ ಸೂಜಿ ಪೋಲಿಯೊ ತರುವುದಿಲ್ಲ, ಮತ್ತು ಸೂಜಿ ಇಲ್ಲದೆಯೂ ಸಾವಿರಾರು ಮಕ್ಕಳ ಕಾಲು ಹೋಗಿದೆ. ನಿಮ್ಮ ಮಗಳ ಕಾಲಿನಲ್ಲಿ ಸೂಜಿಯ ಪಾಲು ಇತ್ತೇ, ಎಷ್ಟಿತ್ತು ಎಂದು ಇಂದು ಯಾರೂ ಹೇಳಲಾರರು. ಅಂದು ಜ್ವರ ಕಂಡಾಗ ಅದು ಪೋಲಿಯೊ ಎಂದು ಹಳ್ಳಿಯ ತಾಯಿಗೆ ತಿಳಿಯುವ ದಾರಿಯೇ ಇರಲಿಲ್ಲ. ದೇಶದಲ್ಲಿ ಮಕ್ಕಳ ಲಸಿಕಾ ಕಾರ್ಯಕ್ರಮ ಶುರುವಾದದ್ದೇ 1978ರಲ್ಲಿ, ಪೋಲಿಯೊ ಹನಿ ಹಳ್ಳಿಹಳ್ಳಿಗೆ ಬಂದದ್ದು ಅದಕ್ಕೂ ಆಮೇಲೆ. ಜ್ವರದ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ ತಾಯಿ ನೀವು. ಅದರಲ್ಲಿ ತಪ್ಪು ಹುಡುಕಲು ನಮಗೆ ಆಗುವುದಿಲ್ಲ.

ಒಂದು ಪರೀಕ್ಷೆ ಮಾಡಿಸಬಹುದು. ಸೂಜಿ ಪೃಷ್ಠದ ನರಕ್ಕೇ ತಗುಲಿ ಕಾಲು ಸೋಲುವುದು ಬೇರೆ ಸ್ಥಿತಿ. ಅದರಲ್ಲಿ ಸೂಜಿ ಹಾಕಿದ ಕೂಡಲೇ ಅಥವಾ ಕೆಲವೇ ಗಂಟೆಯಲ್ಲಿ ಪಾದ ಸೋಲುತ್ತದೆ, ಪಾದದ ಸ್ಪರ್ಶಜ್ಞಾನವೂ ಕುಂದಿರುತ್ತದೆ. ಪೋಲಿಯೊದಲ್ಲಿ ಕಾಲು ಸಣ್ಣಗಾದರೂ ಸ್ಪರ್ಶ, ಬಿಸಿ, ತಣ್ಣನೆ ಎಲ್ಲ ಪೂರ್ತಿ ಗೊತ್ತಾಗುತ್ತದೆ. ನರರೋಗ ತಜ್ಞರು ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಮಗಳು ಕೇಳಿಲ್ಲ ಎಂದು ಬರೆದಿದ್ದೀರಿ. ಕೇಳಿದರೆ ಅಮ್ಮನಿಗೆ ನೋವಾಗುತ್ತದೆ ಎಂದು ಅವರು ಸುಮ್ಮನಿದ್ದಾರು, ಹೇಳಿದರೆ ಮಗಳಿಗೆ ನೋವಾಗುತ್ತದೆ ಎಂದು ನೀವು ಸುಮ್ಮನಿದ್ದೀರಿ. ಎರಡು ವರ್ಷದಲ್ಲಿ ಪೋಲಿಯೊ ಆದವರಿಗೆ ತಮ್ಮ ಕಾಲಿಗೆ ಏನಾಯಿತು ಎಂಬ ನೆನಪೇ ಇರುವುದಿಲ್ಲ, ಬದುಕಿನ ಅಷ್ಟು ದೊಡ್ಡ ಸಂಗತಿ ಇನ್ನೊಬ್ಬರ ನೆನಪಿನಲ್ಲಿ ಇರುತ್ತದೆ. ಅದನ್ನು ನೀವು ಕೊಡಬಹುದು. ‘ನನ್ನಿಂದ ನಿನ್ನ ಬಾಳು ಹಾಳಾಯಿತು’ ಎಂದು ಮಾತ್ರ ಶುರುಮಾಡಬೇಡಿ. ಹಾಗೆಂದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ತಲೆಗೆ ಬೀಳುತ್ತದೆ, ‘ಹಾಳಾದ ಬಾಳು’ ಎಂಬ ಮಾತನ್ನೂ ಅವರು ಹೊತ್ತುಕೊಳ್ಳಬೇಕಾಗುತ್ತದೆ. ನಡೆದದ್ದನ್ನು ನಡೆದ ಹಾಗೆ ಹೇಳಿ: ಯಾವ ತಿಂಗಳು, ಎಷ್ಟು ದಿನ ಜ್ವರ, ಯಾರು ಎತ್ತಿಕೊಂಡಿದ್ದರು, ಎಲ್ಲೆಲ್ಲಿ ತೋರಿಸಿದಿರಿ, ಮೊದಲು ಎದ್ದು ನಿಂತದ್ದು ಯಾವಾಗ. ಹೇಳುತ್ತಾ ಅಳು ಬಂದರೆ ಅಳಿ. ಮಗಳಿಗೆ ಸಿಟ್ಟು ಬಂದರೆ ಅದನ್ನೂ ಬರಗೊಡಿ, ಅಂದೇ ಉತ್ತರ ಕೊಡಬೇಕಾಗಿಲ್ಲ. ಇಷ್ಟಾದ ಮೇಲೂ ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿ. ಫೋನಿನಲ್ಲೇ ಮಾತಾಡುವುದಾದರೆ ಟೆಲಿ ಮನಸ್ 14416, ಹಗಲು ರಾತ್ರಿ ಇರುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ವಯಸ್ಸು 46. ಐದು ವರ್ಷದವಳಿದ್ದಾಗ ಕಾಲಿನ ಆಪರೇಷನ್‌ಗೆಂದು ದೂರದ ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದೆ. ಅಪ್ಪ ಅಮ್ಮನನ್ನು ಒಳಗೆ ಬಿಡುತ್ತಿರಲಿಲ್ಲ. ಈಗ ಗರ್ಭಕೋಶದ ಆಪರೇಷನ್ ಆಗಬೇಕು. ಸ್ಪಿರಿಟ್ ವಾಸನೆಗೆ ಕೈಕಾಲು ತಣ್ಣಗಾಗಿ, ಎದೆ ಹೊಡೆದುಕೊಂಡು, ಎರಡು ಸಲ ಬಾಗಿಲಿಂದಲೇ ವಾಪಸು ಬಂದಿದ್ದೇನೆ.
— ಓದುಗರು, ಬೇಲೂರು

ಉತ್ತರ: ಐದು ವರ್ಷದ ಮಗುವಿಗೆ ‘ಒಂದು ತಿಂಗಳು’ ಎಂದರೆ ಅರ್ಥವಿಲ್ಲ. ಅಮ್ಮ ಹೋದಳು, ಬರಲಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತು. ಆ ಹೆದರಿಕೆ ಮಾತಾಗಿ ಉಳಿಯುವುದಿಲ್ಲ, ವಾಸನೆ, ಸದ್ದು, ಪ್ಲಾಸ್ಟರಿನ ಬಿಗಿತವಾಗಿ ಮೈಯಲ್ಲಿ ಉಳಿಯುತ್ತದೆ. ಅದಕ್ಕೇ ‘ಹೆದರಬೇಡ’ ಎಂದು ಬುದ್ಧಿ ಹೇಳಿದರೆ ಮೈ ಕೇಳುವುದಿಲ್ಲ. ಮೈಗೆ ಅಭ್ಯಾಸವನ್ನೇ ಮಾಡಿಸಬೇಕು.

ಆಪರೇಷನ್ ತುರ್ತಿನದಲ್ಲದಿದ್ದರೆ ಮೂರು ನಾಲ್ಕು ವಾರ ಸಮಯ ಕೇಳಿ. ಮೊದಲು ಮನೆಯಲ್ಲೇ ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ದೂರದಲ್ಲಿಟ್ಟು, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಹೆದರಿಕೆ ಅರ್ಧಕ್ಕೆ ಇಳಿದ ಮೇಲೆ ಹತ್ತಿಯನ್ನು ಸ್ವಲ್ಪ ಹತ್ತಿರ ತನ್ನಿ. ಆಮೇಲೆ ಯಾವ ತಪಾಸಣೆಯೂ ಇಲ್ಲದ ದಿನ ಆಸ್ಪತ್ರೆಗೆ ಹೋಗಿ ಹದಿನೈದು ನಿಮಿಷ ಹೊರಗಿನ ಬೆಂಚಿನಲ್ಲಿ ಕೂತು ಬನ್ನಿ. ಇನ್ನೊಂದು ದಿನ ವಾರ್ಡಿನ ತನಕ. ಹೆದರಿಕೆ ಏರಿದ ಕ್ಷಣ ಎದ್ದು ಓಡಿದರೆ ಅದು ಬಲಿಯುತ್ತದೆ, ಕೂತಲ್ಲೇ ಸ್ವಲ್ಪ ಇಳಿಯಗೊಟ್ಟು ಆಮೇಲೆ ಹೊರಡಿ. ಈ ಅಭ್ಯಾಸಕ್ಕೆ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಜೊತೆಗಿದ್ದರೆ ಬೇಗ ಕೈಗೂಡುತ್ತದೆ. ದುಃಸ್ವಪ್ನ, ಹಳೆಯದೆಲ್ಲ ಕಣ್ಣೆದುರು ಬರುವುದು ಇದ್ದರಂತೂ ಅವರನ್ನು ಕಾಣಲೇಬೇಕು. ರಾತ್ರಿ ಜೊತೆಗೆ ಯಾರಿರುತ್ತಾರೆ ಎಂಬುದನ್ನು ಭರ್ತಿಯಾಗುವ ಮುಂಚೆಯೇ ಮಾತಾಡಿಕೊಳ್ಳಿ.

ಅರಿವಳಿಕೆ ಕೊಡುವ ವೈದ್ಯರನ್ನು ಮುಂಚಿತವಾಗಿ ಕಂಡು ಪೋಲಿಯೊ ಆದ ವಿಷಯ ತಪ್ಪದೆ ಹೇಳಿ. ಪೋಲಿಯೊ ಆದವರ ಮೈಯಲ್ಲಿ ಸ್ನಾಯು ಸಡಿಲಿಸುವ ಮದ್ದು, ಮಂಪರು ಮದ್ದು ಹೆಚ್ಚು ಹೊತ್ತು ಕೆಲಸ ಮಾಡಬಹುದು. ಪ್ರಮಾಣ ನೋಡಿ ಕೊಡಬೇಕಾಗುತ್ತದೆ, ಎಚ್ಚರವಾಗಲು ತಡವಾಗಬಹುದು. ಗೊರಕೆ, ಬೆನ್ನಿನ ಸೊಟ್ಟ, ನುಂಗುವಾಗ ತೊಂದರೆ ಇದ್ದರೆ ಅದನ್ನೂ ಹೇಳಿ. ಸಣ್ಣಗಾದ ಕಾಲು ಬೇಗ ತಣ್ಣಗಾಗುತ್ತದೆ, ಕಂಬಳಿ ಕೇಳಿ. ಸ್ನಾಯುವಿನ ಸೂಜಿಯನ್ನು ಆ ಕಾಲಿಗೆ ಹಾಕದಂತೆ ತಿಳಿಸಿ. ಮಾರನೆಯ ದಿನ ನಿಲ್ಲಿಸಲು ಬರುವ ನರ್ಸ್‌ಗೆ ಯಾವ ಕಾಲು ಭಾರ ಹೊರುತ್ತದೆ ಎಂದು ಮೊದಲೇ ಗೊತ್ತಿರಲಿ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೇಸ್ ಶೀಟಿಗೆ ಪಿನ್ ಮಾಡಿಸಿ. ಐದು ವರ್ಷದ ಆ ಮಗುವಿನ ಪರವಾಗಿ ಮಾತಾಡುವವರು ಅಂದು ಯಾರೂ ಇರಲಿಲ್ಲ, ಈಗ ನೀವಿದ್ದೀರಿ.

ಪ್ರಶ್ನೆ: ನನ್ನ ಅಣ್ಣನಿಗೆ ಪೋಲಿಯೊ. ಸದಾ ಸುಸ್ತು ಎನ್ನುತ್ತಾನೆ. ಒಬ್ಬರು ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟರು, ಇನ್ನೊಬ್ಬರು ಪೋಲಿಯೊದ್ದೇ ಎನ್ನುತ್ತಾರೆ. ಯಾವುದು ಸರಿ?
— ಓದುಗರು, ಕೊಪ್ಪ

ಉತ್ತರ: ಎರಡೂ ಒಟ್ಟಿಗೆ ಇರಬಹುದು. ಸಾಮಾನ್ಯವಾಗಿ ಪೋಲಿಯೊದ ಸುಸ್ತು ಬೆಳಿಗ್ಗೆ ಕಡಿಮೆ, ಕೆಲಸ ಮಾಡಿದಂತೆ ಏರಿ ಮಧ್ಯಾಹ್ನಕ್ಕೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ, ಮಲಗೆದ್ದರೆ ಸ್ವಲ್ಪ ಇಳಿಯುತ್ತದೆ. ಮಾಡುವ ಮನಸ್ಸಿದೆ, ಮೈ ಬರುವುದಿಲ್ಲ. ಖಿನ್ನತೆಯಲ್ಲಿ ಹೆಚ್ಚಾಗಿ ಬೆಳಿಗ್ಗೆಯೇ ಭಾರ, ಮಲಗಿದರೂ ಹಗುರಾಗುವುದಿಲ್ಲ, ಇಷ್ಟದ ಊಟ, ಜನ, ಟಿವಿ ಯಾವುದೂ ರುಚಿಸುವುದಿಲ್ಲ. ಹೀಗೆ ಎರಡು ವಾರ ದಾಟಿದರೆ ಚಿಕಿತ್ಸೆ ಬೇಕು. ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ಜೋರು ಗೊರಕೆ, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು, ಅದಕ್ಕೆ ಬೇರೆ ತಪಾಸಣೆ ಇದೆ. ಹಾಗಿದ್ದಾಗ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು ಅಪಾಯ. ಕೊಟ್ಟಿರುವ ಖಿನ್ನತೆಯ ಮಾತ್ರೆಯನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಸಾಯುವ ಮಾತಾಡಿದರೆ ಅಂದೇ ವೈದ್ಯರ ಹತ್ತಿರ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ.

ಪ್ರಶ್ನೆ: ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ‘ಪೋಲಿಯೊ ಮಕ್ಕಳಿಗೂ ಬರುತ್ತದೆ’ ಎಂದು ಹಿಂದೆ ಸರಿದರು. ನಿಜವೇ?
— ಓದುಗರು, ತರೀಕೆರೆ

ಉತ್ತರ: ಸುಳ್ಳು. ಪೋಲಿಯೊ ವಂಶದಲ್ಲಿ ಹರಿಯುವ ಕಾಯಿಲೆಯಲ್ಲ, ನಿಮ್ಮ ಮೈಯಲ್ಲಿ ಈಗ ಆ ವೈರಸ್ಸೂ ಇಲ್ಲ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಸಲ ಈ ಮಾತು ಬಂದರೆ ನಿಮ್ಮ ವೈದ್ಯರಿಂದ ಎರಡು ಸಾಲು ಬರೆಸಿಕೊಂಡು ತೋರಿಸಿ. ಮನೆಗೆ ಬಂದವರು ನಿಮ್ಮ ಕಾಲನ್ನು ಅಳೆದು ಹೋದ ನೋವು ದೊಡ್ಡದು, ಅದನ್ನು ನುಂಗಿಕೊಂಡು ನಗಬೇಕಾಗಿಲ್ಲ. ಹತ್ತಿರದ ಸ್ನೇಹಿತರೊಬ್ಬರಿಗಾದರೂ ಹೇಳಿಕೊಳ್ಳಿ.

ಪ್ರಶ್ನೆ: ವಿಕಲಚೇತನರ ಕಾರ್ಡ್ ಮಾಡಿಸಲು ಮನಸ್ಸು ಒಪ್ಪುತ್ತಿಲ್ಲ. ಮಾಡಿಸಿದರೆ ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ.
— ಓದುಗರು, ಕಡೂರು

ಉತ್ತರ: ಪೋಲಿಯೊ ಆದವರಲ್ಲಿ ಕೆಲವರು ಅದನ್ನು ಪೂರ್ತಿ ಮರೆಮಾಚಿ ಬದುಕುತ್ತಾರೆ, ಕೆಲವರು ‘ಏನಿಲ್ಲ, ಸ್ವಲ್ಪ’ ಎಂದು ಹಗುರ ಮಾಡುತ್ತಾರೆ, ಕೆಲವರು ‘ಹೌದು, ನನಗೆ ಪೋಲಿಯೊ ಆಗಿದೆ’ ಎಂದು ನೇರ ಹೇಳುತ್ತಾರೆ. ಕಾಲು ಕಡಿಮೆ ಸೋತವರೇ ಹೆಚ್ಚಾಗಿ ಮರೆಮಾಚುವವರು. ವಯಸ್ಸಾಗಿ ಹೊಸ ಸೋಲು ಬಂದಾಗ ಅವರಿಗೇ ಹೆಚ್ಚು ಆಘಾತವಾಗುತ್ತದೆ, ಇದ್ದಕ್ಕಿದ್ದಂತೆ ಎಲ್ಲರಿಗೂ ಕಾಣುತ್ತದಲ್ಲ. ನೀವು ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡು ಓಡಾಡಬೇಕಿಲ್ಲ, ಪೆಟ್ಟಿಗೆಯಲ್ಲಿಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರಿಯಲ್ಲಿ ಶೇ 4ರ ಮೀಸಲಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯ ಎಂಬ ಪ್ರಮಾಣಪತ್ರ ಬೇಕು. ಕ್ಯಾಲಿಪರ್‌ನಂಥ ಸಾಧನಗಳನ್ನು ಸರ್ಕಾರದಿಂದ ಪಡೆಯಲೂ ಪ್ರಮಾಣಪತ್ರ ಕೇಳುತ್ತಾರೆ. ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ಫೋಟೊ ಹಾಕಿ ಯುಡಿಐಡಿಗೆ, ಅಂದರೆ ನೀವು ಹೇಳಿದ ಆ ಕಾರ್ಡಿಗೆ, ಅರ್ಜಿ ಕೊಡಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸುತ್ತಾರೆ. ಹಳೆಯ ಆಪರೇಷನ್ ಚೀಟಿ, ಎಕ್ಸ್‌ರೇ ಇದ್ದರೆ ಒಯ್ಯಿರಿ. ಕಂಪ್ಯೂಟರ್ ಕೆಲಸ ಬಾರದಿದ್ದರೆ ಗ್ರಾಮ ಪಂಚಾಯಿತಿಯಲ್ಲಿರುವ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ತುಂಬಿಕೊಡುತ್ತಾರೆ. ಪರೀಕ್ಷೆಯ ದಿನ ಸಡಿಲ ಪಂಚೆ ಅಥವಾ ಚಡ್ಡಿ ಹಾಕಿಕೊಂಡು ಹೋಗಿ, ಎರಡೂ ಕಾಲಿನ ಅಳತೆ ತೆಗೆಯುತ್ತಾರೆ.